ಸೇಲ್ಸ್ ಕೆಲಸಕ್ಕೆ ಸೇರಿದವರು ಮ್ಯಾನೇಜರ್ ಆಗುವುದು ಹೇಗೆ? ಗೋಡೌನ್ ಕಡೆಯಿಂದ ಹೋಗಿ

ಹಾಸನದ ಬಿ.ಎಂ. ರಸ್ತೆಯ ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್‌ಗಳಿಗೆ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಸೇರುತ್ತಲೇ ಇರುತ್ತಾರೆ. ಆಲೂರು, ಬೇಲೂರು, ಸಕಲೇಶಪುರ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೂ ಇದ್ದಾರೆ. ಎರಡು ವರ್ಷ ಬಿಟ್ಟು ನೋಡಿದರೆ ಅದೇ ಹುಡುಗ ಪಕ್ಕದ ಅಂಗಡಿಯಲ್ಲಿ ಸಾವಿರ ರೂಪಾಯಿ ಜಾಸ್ತಿಗೆ ಅದೇ ಶರ್ಟ್ ಮಡಚುತ್ತಾ ನಿಂತಿರುತ್ತಾನೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಸೇರುವುದು

ಇದು ಸುಲಭ. ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಬೋರ್ಡ್ ನೋಡಿ ಒಳಗೆ ಹೋಗಿ ಕೇಳಿ, ಅಷ್ಟೆ. ಡೆಪಾಸಿಟ್ ಕಟ್ಟಿ, ಯೂನಿಫಾರಂಗೆ ದುಡ್ಡು ಕೊಡಿ ಅನ್ನುವ ಏಜೆಂಟರ ಹತ್ತಿರ ಸುಳಿಯಬೇಡಿ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ ಎಂದು ಮೊದಲ ದಿನವೇ ಕೇಳಿ. 20 ಜನರಿಗಿಂತ ಕಡಿಮೆ ಇಲ್ಲದ ಕಡೆ ಪಿಎಫ್, 10 ಜನರಿಗಿಂತ ಕಡಿಮೆ ಇಲ್ಲದ ಕಡೆ ಇಎಸ್‌ಐ ಕಾನೂನಿನ ಪ್ರಕಾರ ಇರಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಸಿಗುತ್ತದೆ. ‘ಪಿಎಫ್ ಬೇಡ, ಕೈಗೇ ಕೊಡಿ’ ಅನ್ನುವವರಿದ್ದಾರೆ. ಅನ್ನಬೇಡಿ.

ಹೆಜ್ಜೆ 2: ಮೊದಲ ಆರು ತಿಂಗಳು

ಗಿರಾಕಿ ಜೊತೆ ಮಾತಾಡಲು ಕಲಿಯಿರಿ. ತೋಟದ ಕೆಲಸಕ್ಕೆ ಬಂದ ಅಸ್ಸಾಂ ಕಡೆಯವರು ಭಾನುವಾರ ಖರೀದಿಗೆ ಬರುತ್ತಾರೆ. ಬೆಲೆ, ಅಳತೆ ಹೇಳುವಷ್ಟು ಹಿಂದಿ ಇದ್ದರೆ ಸಾಕು. ಇನ್ನು ಶೂ. ಫುಟ್‌ಪಾತ್‌ನಲ್ಲಿ ಸಿಗುವ ಗಟ್ಟಿ ಅಡಿಯ ಕಪ್ಪು ಶೂ ದಿನವಿಡೀ ನಿಲ್ಲುವವರಿಗೆ ಅಲ್ಲವೇ ಅಲ್ಲ. ಮೊದಲ ಸಂಬಳದಲ್ಲೇ ಮೆತ್ತನೆ ಅಡಿಯದು ತೆಗೆದುಕೊಳ್ಳಿ, ಮೊಬೈಲ್ ಆಮೇಲೆ.

ಹೆಜ್ಜೆ 3: ಗೋಡೌನ್‌ಗೆ ಇಳಿಯುವುದು

ಎಲ್ಲರೂ ಎಡವುವುದು ಇಲ್ಲೇ. ಗಿರಾಕಿಗಳು ಓಡಾಡುವ ಫ್ಲೋರ್‌ನಲ್ಲಿ ಏಸಿ ಇದೆ, ಜನ ಇದ್ದಾರೆ. ಗೋಡೌನ್‌ನಲ್ಲಿ ಧೂಳು. ಲಾರಿ ಬಂದರೆ ಹುಡುಗರು ಮಾಯ. ಆದರೆ ಅಂಗಡಿಯ ದುಡ್ಡೆಲ್ಲ ಕೂತಿರುವುದು ಅಲ್ಲೇ ಅಲ್ವಾ? ಅದರ ಲೆಕ್ಕ ಗೊತ್ತಿರುವವನನ್ನು ಮಾಲೀಕರು ಸುಲಭಕ್ಕೆ ಬಿಡುವುದಿಲ್ಲ.

ಮಾಲು ಇಳಿಯುವಾಗ ಇನ್‌ವಾಯ್ಸ್ ಕೈಯಲ್ಲಿ ಹಿಡಿದು ನಿಲ್ಲಿ. ಪೀಸ್ ಎಷ್ಟು, ಸೈಜ್ ಯಾವುದು, ಎಂಆರ್‌ಪಿ ಸರಿ ಇದೆಯಾ, ಎಕ್ಸ್‌ಪೈರಿ ಯಾವಾಗ? ಡಬ್ಬ ಒಡೆದಿದ್ದರೆ ಲಾರಿಯವರ ಪ್ರತಿಯಲ್ಲೇ ಬರೆದು ಆಮೇಲೆ ಸಹಿ ಹಾಕಿ. ಸಹಿ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ. ರ‍್ಯಾಕ್‌ನಲ್ಲಿ ಬೇಗ ಎಕ್ಸ್‌ಪೈರಿ ಆಗುವುದು ಮುಂದೆ, ಹೊಸದು ಹಿಂದೆ. ಹೊಸದನ್ನೇ ಮುಂದೆ ತುರುಕಿ ಕೈ ತೊಳೆದುಕೊಳ್ಳುವವರೇ ಜಾಸ್ತಿ.

ಸ್ಟಾಕ್ ಎಣಿಸಿದಾಗ ಕಂಪ್ಯೂಟರ್‌ಗೂ ರ‍್ಯಾಕ್‌ಗೂ ತಾಳೆ ಆಗದಿದ್ದರೆ ತಕ್ಷಣ ‘ಕಳ್ಳತನ’ ಅನ್ನುತ್ತಾರೆ. ಮೊದಲು ಬಿಲ್ಲಿಂಗ್ ನೋಡಿ. ಒಂದೇ ಬೆಲೆಯ ಐದು ಬಗೆಯ ಸೋಪನ್ನು ಗಿರಾಕಿ ತಂದರೆ ಕ್ಯಾಷಿಯರ್ ಒಂದನ್ನು ಸ್ಕ್ಯಾನ್ ಮಾಡಿ ‘ಐದು’ ಎಂದು ಒತ್ತುತ್ತಾನೆ. ದುಡ್ಡು ಸರಿ, ಸ್ಟಾಕ್ ತಪ್ಪು. ಕಂಪ್ಯೂಟರ್‌ನಲ್ಲಿ ಒಂದು ಸೋಪು ರ‍್ಯಾಕ್‌ಗಿಂತ ನಾಲ್ಕು ಕಡಿಮೆ ತೋರಿಸುತ್ತದೆ, ಉಳಿದವು ಒಂದೊಂದು ಜಾಸ್ತಿ. ಇಂಥದ್ದನ್ನು ಒಮ್ಮೆ ಹುಡುಕಿ ತೋರಿಸಿ, ಮ್ಯಾನೇಜರ್ ನಿಮ್ಮ ಹೆಸರು ಮರೆಯುವುದಿಲ್ಲ. ನಿಮ್ಮ ಲಾಗಿನ್‌ನಲ್ಲಿ ಮಾತ್ರ ಬೇರೆಯವರಿಗೆ ಬಿಲ್ ಮಾಡಲು ಬಿಡಬೇಡಿ, ಎಷ್ಟೇ ಗೆಳೆಯನಾಗಿರಲಿ.

ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಗಿರಾಕಿ ಕೇಳಿ ‘ಇಲ್ಲ’ ಅನ್ನಿಸಿಕೊಂಡು ಹೋದ ಮಾಲನ್ನು ಅದರಲ್ಲಿ ಬರೆಯಿರಿ. ಕಂಪ್ಯೂಟರ್‌ಗೆ ಗೊತ್ತಿರುವುದು ಮಾರಿದ್ದು ಮಾತ್ರ. ಊರಿನ ಲೆಕ್ಕವೂ ಅದರಲ್ಲೇ ಬರಲಿ. ಮಲೆನಾಡಿನ ಕಡೆಯವರು ಗಂಬೂಟು, ಜರ್ಕಿನ್ ಕೇಳುವುದು ಮಳೆ ಹಿಡಿಯುವ ಮೊದಲೇ. ಹಾಗಾಗಿ ಮೇ ತಿಂಗಳಲ್ಲೇ ಮಾಲು ಬಂದಿರಬೇಕು. ಆಶ್ವೀಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ ಊರಿಗೆ ಊರೇ ತುಂಬುತ್ತದೆ. ಕಾಫಿ ಕೊಯ್ಲಿನ ದುಡ್ಡು ಕೈಗೆ ಬಂದ ಮೇಲಿನ ಖರೀದಿಯೇ ಬೇರೆ. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕೂತು ಎಲ್ಲ ಊರಿಗೂ ಒಂದೇ ಸಮ ಮಾಲು ಹಂಚುವವರಿಗೆ ಇದನ್ನು ಹೇಳುವವರು ಬೇಕು.

ಇನ್ನೊಂದು ಲೆಕ್ಕ. ತೆರಿಗೆ ಬದಿಗಿಡಿ. 800 ರೂಪಾಯಿಗೆ ಕೊಂಡ ಸೀರೆಯನ್ನು 1,000ಕ್ಕೆ ಮಾರಿದರೆ ಮಾರ್ಜಿನ್ 20%, 25% ಅಲ್ಲ. ಮಾರ್ಜಿನ್ ಹಾಕುವುದು ಮಾರಿದ ಬೆಲೆಯ ಮೇಲೆ. ಆಷಾಢದಲ್ಲಿ 10% ರಿಯಾಯಿತಿ ಕೊಟ್ಟರೆ 900ಕ್ಕೆ ಹೋಯಿತು. ಲಾಭ 200ರಿಂದ 100ಕ್ಕೆ ಇಳಿಯಿತು. ಮೊದಲಿನಷ್ಟೇ ಲಾಭ ಬೇಕಾದರೆ ಎರಡು ಪಟ್ಟು ಸೀರೆ ಮಾರಬೇಕು. ವರ್ಷಗಟ್ಟಲೆ ಸೇಲ್ಸ್‌ನಲ್ಲಿ ಇದ್ದವರೂ ಇಲ್ಲಿ ತಡಬಡಾಯಿಸುತ್ತಾರೆ.

ಇಷ್ಟು ಕೈಗೆ ಬಂದ ಮೇಲೆ ‘ಸಂಬಳ ಜಾಸ್ತಿ ಮಾಡಿ’ ಎಂದು ಕೇಳಬೇಡಿ, ಸೆಕ್ಷನ್ ಕೇಳಿ. ‘ಸಾರ್, ಮಕ್ಕಳ ಬಟ್ಟೆ ನಾನು ನೋಡ್ಕೊಳ್ತೀನಿ. 26ರ ಸೈಜ್ ಖಾಲಿ ಆಗಿದೆ, 32 ಹೋದ ವರ್ಷದಿಂದ ಬಿದ್ದಿದೆ. ಆರು ತಿಂಗಳು ಕೊಟ್ಟು ನೋಡಿ.’ ನೋಟ್‌ಬುಕ್ ಜೊತೆಗಿರಲಿ. ಮನೆತನದ ಅಂಗಡಿಯಲ್ಲಿ ಗಲ್ಲಾದ ಮೇಲೆ ಯಜಮಾನರ ಭಾವಮೈದುನ ಕೂತಿದ್ದರೆ ಅಲ್ಲಿ ಮೇಲೆ ಜಾಗ ಇಲ್ಲ. ಕೆಲಸ ಕಲಿತು ಚೈನ್ ಸ್ಟೋರ್ ನೋಡಿ.

ಹೆಜ್ಜೆ 4: ಓದು

ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರ್ ಹುದ್ದೆಗೆ ಹೆಚ್ಚಾಗಿ ಡಿಗ್ರಿ ಕೇಳುತ್ತಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಬಿಕಾಂ ಮಾಡಬಹುದು. ಹದಿನೈದು ದಿನದ ‘ರಿಟೇಲ್ ಮ್ಯಾನೇಜ್‌ಮೆಂಟ್’ ಆನ್‌ಲೈನ್ ಸರ್ಟಿಫಿಕೇಟ್ ಸುಮ್ನೆ ದಂಡ. ಎಲ್ಲರೂ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಕ್ಲಾಸಿಗೆ ಓಡುತ್ತಾರೆ, ನಾನಾದರೆ ಎಕ್ಸೆಲ್ ಮೊದಲು ಅನ್ನುತ್ತೇನೆ. ಬೇಕಾದ ಸಾಲು ಮಾತ್ರ ತೋರಿಸುವ ಫಿಲ್ಟರ್, ದೊಡ್ಡ ಪಟ್ಟಿಯನ್ನು ಬಗೆವಾರು ಒಟ್ಟು ಮಾಡುವ ಪಿವೋಟ್ ಟೇಬಲ್ ಬಂದರೆ ಅಂಗಡಿಯ ಅರ್ಧ ರಿಪೋರ್ಟ್ ನಿಮ್ಮದೇ.

ಹೆಜ್ಜೆ 5: ಅಂಗಡಿ ಬದಲಿಸುವುದು

ಸೆಕ್ಷನ್ ಕೈಗೆ ಬಂದ ಮೇಲೆ ಒಂದು ಆಷಾಢದಿಂದ ಇನ್ನೊಂದು ಆಷಾಢದವರೆಗೆ ನಿಲ್ಲಿ. ಪೂರ್ತಿ ವರ್ಷದ ಮಾರಾಟದ ಏರಿಳಿತ ನೋಡಿದ್ದೀರಿ ಅಂದರೆ ಸಂದರ್ಶನದಲ್ಲಿ ಮಾತಾಡಲು ವಿಷಯ ಇರುತ್ತದೆ. ಹೋಗುವಾಗ ಪಿಎಫ್ ಹಣ ತೆಗೆಯಬೇಡಿ. ಯುಎಎನ್ (ಪಿಎಫ್‌ಗೆ ನಿಮಗೆ ಕೊಟ್ಟಿರುವ ನಂಬರ್) ಅದೇ ಇರುತ್ತದೆ, ಹೊಸ ಕಡೆಗೆ ವರ್ಗಾಯಿಸಿ. ಕೊನೆಯ ಮೂರು ತಿಂಗಳ ಸಂಬಳ ಚೀಟಿ, ರಿಲೀವಿಂಗ್ ಲೆಟರ್ ಕೇಳಿ ಪಡೆಯಿರಿ. ಮುಖ್ಯವಾಗಿ, ನಿಮ್ಮ ಸೆಕ್ಷನ್‌ನ ಸ್ಟಾಕನ್ನು ಮುಂದೆ ನೋಡಿಕೊಳ್ಳುವವರ ಜೊತೆ ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಎಣಿಕೆಯಲ್ಲಿ ಕಡಿಮೆ ಬಂದದ್ದೆಲ್ಲ ಬಿಟ್ಟು ಹೋದವರ ಹೆಸರಿಗೇ ಬೀಳುತ್ತದೆ.