ಒಳಮಗ್ಗಲು ನೋಡಿ ಕೊಂಡ ಮದುವೆಯ ಗೌನು

ಮದುವೆಯ ಗೌನು ಹುಡುಕುತ್ತ ನಾನು ಮೊದಲು ಹೋದ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ್ದ ಉಡುಪುಗಳ ಪೈಕಿ ಒಂದೂ ನನ್ನ ಭುಜ ದಾಟಿ ಕೆಳಗಿಳಿಯಲಿಲ್ಲ. ಇಂಥ ಅಂಗಡಿಗಳಲ್ಲಿ ಇರುವವು ಬಹುಪಾಲು ಮಾದರಿಯ ಉಡುಪುಗಳು; ಅವನ್ನು ತೊಟ್ಟು ನೋಡಿ, ಒಪ್ಪಿಗೆಯಾದ ಮೇಲೆ ನಮ್ಮ ಅಳತೆಯದಕ್ಕೆ ಬೇರೆಯಾಗಿ ಆರ್ಡರ್ ಕೊಡಬೇಕು. ತೆಳ್ಳಗಿನವರಿಗೆ ಮಾದರಿ ಸಡಿಲವಾದರೆ ಬೆನ್ನಿನ ಕಡೆ ಕ್ಲಿಪ್ಪು ಸಿಕ್ಕಿಸಿ ಬಿಗಿಮಾಡಿ ತೋರಿಸುತ್ತಾರೆ. ನನ್ನಂಥ ದಪ್ಪ ಮೈಯವರಿಗೆ ಆ ಉಪಾಯ ನಡೆಯುವುದಿಲ್ಲ. ಅಂಗಡಿಯಾಕೆ ಗೌನನ್ನು ನನ್ನ ಎದೆಗೆ ಆನಿಸಿ ಹಿಡಿದು, "ಹೀಗೆ ಕಾಣುತ್ತೆ ಅಂತ ಊಹಿಸಿಕೊಳ್ಳಿ ಮೇಡಂ" ಎಂದರು. ಅಷ್ಟು ದೊಡ್ಡ ಮೊತ್ತವನ್ನು ಊಹೆಯ ಮೇಲೆ ಸುರಿಯುವಷ್ಟು ಹಣ ನನ್ನಲ್ಲಿರಲಿಲ್ಲ.

ಸೈಜಿನ ಸಂಖ್ಯೆಯ ವಿಷಯದಲ್ಲಿಯೂ ಅಂದೇ ಮೊದಲ ಆಘಾತ. ಮದುವೆಯ ಗೌನುಗಳ ಸೈಜು ದಿನಬಳಕೆಯ ಬಟ್ಟೆಗಳಿಗಿಂತ ಸಾಮಾನ್ಯವಾಗಿ ಒಂದೆರಡು ಅಂಕಿ ಮೇಲೆ ಬರುತ್ತದೆ. ಜೊತೆಗೆ ಒಂದು ಮಿತಿಗಿಂತ ದೊಡ್ಡ ಸೈಜಿಗೆ ಹೆಚ್ಚುವರಿ ಶುಲ್ಕ ಕೇಳುವ ತಯಾರಕರೂ ಇದ್ದಾರೆ. ಈ ಅಂಕಿಗಳನ್ನು ಯಾರು ಗೊತ್ತುಮಾಡಿದರು ಎಂಬ ಸಿಟ್ಟಿನಲ್ಲಿ ಸ್ವಲ್ಪ ಓದಿದೆ. ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರ ಅಳತೆ ತೆಗೆದು 1941ರಲ್ಲಿ ವರದಿ ಪ್ರಕಟಿಸಿತು, ಅದನ್ನು ಆಧರಿಸಿ 1958ರಲ್ಲಿ ಸೈಜುಗಳ ಮಾನದಂಡವೊಂದು ಬಂತು, 1983ರಲ್ಲಿ ಅದನ್ನೂ ಹಿಂತೆಗೆದುಕೊಳ್ಳಲಾಯಿತು. ಅಂದರೆ ಇಂದು ಒಬ್ಬೊಬ್ಬ ತಯಾರಕರದ್ದು ಒಂದೊಂದು ಲೆಕ್ಕ. ಇದನ್ನು ತಿಳಿದ ಮೇಲೆ ಚೀಟಿಯ ಮೇಲಿನ ಅಂಕಿಯನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಳತೆಯ ಪಟ್ಟಿಯನ್ನು ಮಾತ್ರ ನೋಡತೊಡಗಿದೆ.

ಆದರೂ ಮೊದಲ ಖರೀದಿಯಲ್ಲಿ ಎಡವಿದೆ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಒಂದು ಗೌನು ಕಂಡು, ಕನ್ನಡಿಯ ಮುಂದೆ ಒಬ್ಬಳೇ ನಿಂತು ಟೇಪು ಸುತ್ತಿಕೊಂಡು, ಸೊಂಟದ ಅಳತೆಗೆ ಹೊಂದುವ ಸೈಜನ್ನೇ ಆರಿಸಿ ಆರ್ಡರ್ ಕೊಟ್ಟೆ. ಬಂದ ಗೌನು ಸೊಂಟಕ್ಕೆ ಸರಿಯಾಗಿಯೇ ಇತ್ತು, ಆದರೆ ಅದು ಹಿಪ್ ದಾಟಿ ಸೊಂಟದವರೆಗೆ ತಲುಪಿದರೆ ತಾನೆ! ಆರ್ಡರ್ ಕೊಟ್ಟು ಹೊಲಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮಾರಾಟಗಾರರು ಮೊದಲೇ ಬರೆದಿದ್ದರು. ಓದದೆ ಇದ್ದದ್ದು ನನ್ನ ತಪ್ಪು. ಇದ್ದ ಹಣದ ಕಾಲು ಭಾಗ ಅಲ್ಲಿಯೇ ಹೋಯಿತು.

ಎರಡನೆಯ ಸಲ ಅಕ್ಕನ ಕೈಯಲ್ಲಿ ಅಳತೆ ತೆಗೆಸಿದೆ. ಮದುವೆಯ ದಿನ ಯಾವ ಒಳ ಉಡುಪು ತೊಡುವೆನೋ ಅದನ್ನೇ ತೊಟ್ಟು ಅಳೆಯಬೇಕೆಂಬುದು ನನಗೆ ಹೊಳೆದಿರಲಿಲ್ಲ. ಸರಿಯಾದ ಬ್ರಾ ತೊಟ್ಟರೆ ಎದೆಯ ಎತ್ತರವೇ ಬದಲಾಗುತ್ತದೆ, ಅದರೊಂದಿಗೆ ಗೌನಿನ ಡಾರ್ಟು, ಅಂದರೆ ಎದೆಯ ಉಬ್ಬಿಗೆ ಹೊಂದುವಂತೆ ಬಟ್ಟೆಯನ್ನು ಮಡಿಸಿ ಹಾಕುವ ಹೊಲಿಗೆ, ಕೂರುವ ಜಾಗವೂ ಬದಲಾಗುತ್ತದೆ. ಎದೆ, ಎದೆಯ ಕೆಳಗೆ, ಸೊಂಟ, ಹೊಟ್ಟೆಯ ಉಬ್ಬು, ಹಿಪ್‌ನ ಅತ್ಯಂತ ಅಗಲವಾದ ಭಾಗ, ತೋಳಿನ ಮೇಲ್ಭಾಗ, ಇಷ್ಟನ್ನೂ ನಿಂತು ಅಳೆಸಿ, ಹೊಟ್ಟೆ ಮತ್ತು ಹಿಪ್‌ಗಳನ್ನು ಕುಳಿತು ಮತ್ತೊಮ್ಮೆ ಅಳೆಸಿದೆ. ಕುಳಿತಾಗ ನನ್ನ ಹಿಪ್ ಎರಡೂವರೆ ಇಂಚು ಹೆಚ್ಚಿತು. ದೊಡ್ಡ ಸೈಜಿನ ಉಡುಪುಗಳಲ್ಲಿ ಎಲ್ಲರೂ ಮರೆಯುವುದು ತೋಳನ್ನು. ಎದೆಗೆ ಹೊಂದಿದ ಗೌನಿನ ತೋಳು ರಕ್ತ ಕಟ್ಟುವಷ್ಟು ಬಿಗಿಯಾದದ್ದನ್ನು ನಾನು ಮೂರು ಸಲ ಅನುಭವಿಸಿದ್ದೇನೆ.

ಉಳಿದ ಹಣವನ್ನು ಮೂರು ಪಾಲು ಮಾಡಿ, ಎರಡನ್ನು ಗೌನಿಗೂ ಒಂದನ್ನು ದರ್ಜಿಗೂ ಎಂದು ಎತ್ತಿಟ್ಟೆ. ನೋಡಿದವರು ಇದು ಅತಿಯಾಯಿತು ಎಂದರು. ನನ್ನ ಲೆಕ್ಕವೇ ಬೇರೆ: ಮೈಗೆ ಕೂರದ ದುಬಾರಿ ಗೌನಿಗಿಂತ ಮೈಗೆ ಕೂರಿಸಿದ ಅಗ್ಗದ ಗೌನು ಚೆನ್ನಾಗಿ ಕಾಣುತ್ತದೆ, ಕೂರಿಸುವವರು ದರ್ಜಿ. ಹುಡುಕಾಟವನ್ನೂ ಹೊಸ ಗೌನಿನ ಅಂಗಡಿಗಳಿಂದ ಬೇರೆಡೆಗೆ ತಿರುಗಿಸಿದೆ. ಮಾದರಿ ಉಡುಪುಗಳ ತೀರುವಳಿ ಮಾರಾಟದಲ್ಲಿ ದೊಡ್ಡ ಸೈಜು ವಿರಳವಾದ್ದರಿಂದ ಅದರ ಆಸೆ ಬೇಗ ಬಿಟ್ಟೆ. ಸಂಜೆಯ ಸಮಾರಂಭಗಳಿಗೆಂದು ಮಾರುವ ಕೆನೆಬಣ್ಣದ ಉದ್ದ ಗೌನುಗಳು, ವಧುವಿನ ಗೆಳತಿಯರಿಗೆಂದು ಮಾಡಿದ ಬಿಳಿಯ ಗೌನುಗಳು 'ಮದುವೆಯದು' ಎಂಬ ಹೆಸರಿಲ್ಲದ ಕಾರಣಕ್ಕೇ ಅಗ್ಗವಾಗಿರುತ್ತವೆ. ಅಚ್ಚ ಬಿಳಿಯೇ ಆಗಬೇಕೆಂಬುದೂ ತೀರಾ ಹಳೆಯ ನಿಯಮವೇನಲ್ಲ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿ ತೊಟ್ಟು ಮದುವೆಯಾದ ನಂತರವೇ ಅದು ಹೆಚ್ಚು ಹಬ್ಬಿದ್ದು. ಇವುಗಳ ಜೊತೆಗೆ ಒಮ್ಮೆ ತೊಟ್ಟು ಮಾರಾಟಕ್ಕಿಟ್ಟ ಗೌನುಗಳನ್ನೂ ನೋಡತೊಡಗಿದೆ. ಕೊನೆಗೆ ನನಗೆ ದಕ್ಕಿದ್ದು ಅಂಥದ್ದೇ.

ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ದಪ್ಪಗಿರುವವರು ಇಂಥದ್ದನ್ನೇ ತೊಡಬೇಕೆಂಬ ಉಪದೇಶ ಬೇಕಾದಷ್ಟಿದೆ. ಹಣದ ದೃಷ್ಟಿಯಿಂದ ಮಾತ್ರ ಒಂದು ಮಾತು: ಸೊಂಟದಿಂದ ಕೆಳಕ್ಕೆ ಹರಡಿಕೊಳ್ಳುವ ಎ-ಲೈನ್ ಗೌನಿನಲ್ಲಿ ಹಿಪ್‌ನ ಅಳತೆಯ ಚಿಂತೆಯಿಲ್ಲ, ಹಾಗಾಗಿ ಮೇಲಿನ ಮೈಯನ್ನು ಮಾತ್ರ ಸರಿಪಡಿಸಿದರೆ ಸಾಕು. ಮೀನಿನ ಬಾಲದಂತೆ ಮಂಡಿಯವರೆಗೆ ಮೈಗಂಟುವ ಗೌನಿನಲ್ಲಿ ಪ್ರತಿ ಇಂಚಿಗೂ ಕೂಲಿ ಬೀಳುತ್ತದೆ.

ಹಳೆಯ ಗೌನುಗಳನ್ನು ನೋಡಲು ಹೋದಲ್ಲೆಲ್ಲ ನಾನು ಅದನ್ನು ತೊಡುವ ಮೊದಲು ಒಳಮಗ್ಗಲು ತಿರುಗಿಸಿ ನೋಡುತ್ತಿದ್ದೆ. ಇದನ್ನು ಹೇಳಿಕೊಟ್ಟವರು ನಮ್ಮ ದರ್ಜಿ. "ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಡಿಸಿಕೊಡ್ತೀನಮ್ಮ, ಕತ್ತರಿಸಿ ಓವರ್‌ಲಾಕ್ ಹಾಕಿಬಿಟ್ಟಿದ್ದರೆ ನಾನು ಎಲ್ಲಿಂದ ತರಲಿ?" ಎಂದಿದ್ದರು. ಓವರ್‌ಲಾಕ್ ಎಂದರೆ ಕತ್ತರಿಸಿದ ಅಂಚಿನ ಎಳೆ ಬಿಚ್ಚದಂತೆ ಹಾಕುವ ಹೊಲಿಗೆ. ಪಕ್ಕದ ಹೊಲಿಗೆಯ ಒಳಗೆ ಒಂದೊಂದು ಪದರದಲ್ಲೂ ಮುಕ್ಕಾಲು ಇಂಚು ಬಿಡಿಸಲು ಬಂದರೆ ಒಂದು ಹೊಲಿಗೆಗೆ ಒಂದೂವರೆ ಇಂಚು, ಎರಡು ಪಕ್ಕ ಸೇರಿ ಮೂರು ಇಂಚು ಸಿಗುತ್ತದೆ. ಆದರೆ ನುಣುಪಾದ ಸ್ಯಾಟಿನ್‌ನಲ್ಲಿ ಹಳೆಯ ಹೊಲಿಗೆಯ ಸೂಜಿತೂತು ಬಿಡಿಸಿದ ಮೇಲೂ ಗೆರೆಯಾಗಿ ಉಳಿಯುತ್ತದೆ; ಮೇಲೆ ಲೇಸಿನ ಹೊದಿಕೆ ಇದ್ದರೆ ಅದು ಮುಚ್ಚಿಹೋಗುತ್ತದೆ. ಹೀಗೆ ಆರೇಳು ಗೌನುಗಳನ್ನು ತಿರುಗಿಸಿ ನೋಡಿದ ಮೇಲೆ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದ, ಲೇಸು ಹೊದಿಸಿದ, ಹಿಂದೆ ನೆಲದ ಮೇಲೆ ಉದ್ದಕ್ಕೆ ಎಳೆಯುವ ಟ್ರೇನ್ ಇದ್ದ ಎ-ಲೈನ್ ಗೌನೊಂದು ಸಿಕ್ಕಿತು. ಎದೆಗೆ ನಾಲ್ಕು ಇಂಚು, ಸೊಂಟಕ್ಕೆ ಐದು ಇಂಚು ಸಾಲದು, ತೋಳೂ ಬಿಗಿ. ಮಾರುವಾಕೆ, "ಇದು ನಿಮಗೆ ಆಗುವುದಿಲ್ಲವಲ್ಲ" ಎಂದು ಸಂಕೋಚಪಟ್ಟು ಬೆಲೆಯನ್ನು ತಾವಾಗಿಯೇ ಇಳಿಸಿದರು. ನಾನು ಸುಮ್ಮನಿದ್ದೆ.

ದರ್ಜಿ ಪಕ್ಕದ ಹೊಲಿಗೆಗಳನ್ನು ಬಿಡಿಸಿದಾಗ ಲೆಕ್ಕದಂತೆ ಮೂರು ಇಂಚು ಬಂತು. ಉಳಿದದ್ದಕ್ಕೆ ಬೆನ್ನಿನ ಜಿಪ್ಪನ್ನೇ ಕಿತ್ತು, ಎರಡೂ ಅಂಚಿಗೆ ಬಟ್ಟೆಯ ಕುಣಿಕೆಗಳನ್ನು ಹೊಲಿದು, ರಿಬ್ಬನ್ನಿನಿಂದ ಬಿಗಿಯುವ ಹಾಗೆ ಮಾಡಿದರು. ಜಿಪ್ಪು ಒಂದೇ ಅಳತೆಗೆ ಒಗ್ಗುತ್ತದೆ, ದಾರದ ಬೆನ್ನು ಕೆಲವು ಇಂಚುಗಳ ಹೆಚ್ಚುಕಡಿಮೆಗೆ ಒಗ್ಗುತ್ತದೆ. ಮದುವೆಯ ಹೊತ್ತಿಗೆ ತೂಕ ಇಳಿಸಿಕೊಳ್ಳುತ್ತೇನೆಂದು ಚಿಕ್ಕದನ್ನು ಕೊಂಡು ಚಡಪಡಿಸುವ ಅಗತ್ಯವೂ ಇದರಿಂದ ತಪ್ಪಿತು. ಕುಣಿಕೆಗಳ ನಡುವಿನ ತೆರಪಿನಲ್ಲಿ ಬೆನ್ನು ಕಾಣದಂತೆ ಒಳಗೊಂದು ಪಟ್ಟಿ ಬೇಕಿತ್ತು, ಬಿಗಿ ತೋಳಿಗೆ ಕಂಕುಳಿನಲ್ಲಿ ಎರಡು ಚೌಕದ ತುಂಡು ಬೇಕಿತ್ತು. ಅದೇ ಬಣ್ಣದ, ಅದೇ ಲೇಸಿನ ಬಟ್ಟೆ ಹೊರಗೆ ಸಿಗುವ ಮಾತೇ ಇಲ್ಲ. ಆಗ ಟ್ರೇನ್ ಉಪಯೋಗಕ್ಕೆ ಬಂತು. ಅದನ್ನು ಕತ್ತರಿಸಿ ಗೌನನ್ನು ಸುತ್ತಲೂ ಸಮವಾಗಿ ಇಳಿಸಿದರು. ಬಂದ ತುಂಡಿನಲ್ಲಿ ಬೆನ್ನಿನ ಪಟ್ಟಿಯೂ ಕಂಕುಳಿನ ತುಂಡುಗಳೂ ಆಗಿ, ಅಂಗೈಯಗಲ ಲೇಸು ಉಳಿಯಿತು. ನನಗಿದ್ದ ಒಂದೇ ಬೇಸರವೆಂದರೆ ಟ್ರೇನ್ ನನಗೆ ನಿಜಕ್ಕೂ ಇಷ್ಟವಾಗಿತ್ತು.

ಗೌನಿನ ಭಾರ ಭುಜದ ಮೇಲೆ ಬೀಳದಂತೆ ಒಳಗೆ ಸೊಂಟದ ಸುತ್ತ ಗಟ್ಟಿ ಪಟ್ಟಿಯೊಂದನ್ನೂ ಹಾಕಿಸಿದೆ. ಅದನ್ನು ಕೊಕ್ಕೆಯಿಂದ ಮೊದಲು ಬಿಗಿದರೆ ಎದೆಯ ಭಾಗ ಪದೇಪದೇ ಕೆಳಗೆ ಜಾರುವುದಿಲ್ಲ. ಮದುವೆಗೆ ಎರಡು ತಿಂಗಳು ಇರುವಾಗ ಮೊದಲ ಫಿಟ್ಟಿಂಗ್, ಮೂರು ವಾರ ಇರುವಾಗ ಎರಡನೆಯದು. ಎರಡೂ ಸಲ ಅಂದು ತೊಡುವ ಚಪ್ಪಲಿಯನ್ನೇ ತೊಟ್ಟು ಹೋಗಿ, ಕುಳಿತು, ಎದ್ದು, ಮೆಟ್ಟಿಲು ಹತ್ತಿ, ಕೈಗಳೆರಡನ್ನೂ ತಲೆಯ ಮೇಲೆತ್ತಿ ನೋಡಿದೆ. ಮೆಟ್ಟಿಲು ಹತ್ತುವಾಗಲೇ ತೊಡೆಗಳು ಒಂದಕ್ಕೊಂದು ಉಜ್ಜಿ ಉರಿಯುವುದು ನೆನಪಾಗಿ, ಒಳಗೆ ತೊಡಲು ತೆಳುವಾದ ಉದ್ದ ಚಡ್ಡಿಯೊಂದನ್ನು ಕೊಂಡೆ. ಇಡೀ ತಯಾರಿಯಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ನೆಮ್ಮದಿ ಕೊಟ್ಟ ವಸ್ತು ಅದು.

ಮದುವೆಯ ದಿನ ಅಕ್ಕ ರಿಬ್ಬನ್ ಬಿಗಿದಳು, ಸಂಜೆ ನಾನು ಕುಳಿತೇ ಇರಬೇಕಾಗಿ ಬಂದಾಗ ಎರಡು ಕುಣಿಕೆಯಷ್ಟು ಸಡಿಲಿಸಿದಳು. ಆಮೇಲೆ ಗೌನನ್ನು ಡ್ರೈಕ್ಲೀನ್ ಮಾಡಿಸಿ ನಾನೂ ಮಾರಾಟಕ್ಕಿಟ್ಟೆ. ಸೈಜಿನ ಅಂಕಿಯನ್ನು ಬರೆಯದೆ ಎದೆ, ಸೊಂಟ, ತೋಳುಗಳ ಅಳತೆಯನ್ನು ಇಂಚುಗಳಲ್ಲಿ ಬರೆದು, ಒಳಮಗ್ಗಲಿನ ಎರಡು ಫೋಟೋ ಹಾಕಿ, ಪಕ್ಕದ ಹೊಲಿಗೆಯಲ್ಲಿ ಇನ್ನು ಬಿಡಿಸಲು ಬಟ್ಟೆ ಉಳಿದಿಲ್ಲ, ಬೆನ್ನಿನ ದಾರದಿಂದ ಮಾತ್ರ ಸಡಿಲಿಸಬಹುದು ಎಂದು ತಿಳಿಸಿದೆ. ಕೊಂಡವರ ಕೈಗೆ ಆ ಅಂಗೈಯಗಲದ ಲೇಸನ್ನೂ ಕೊಟ್ಟೆ.