ಲೆಕ್ಕದ ಒತ್ತಡದಲ್ಲಿ ಎಚ್‌ಆರ್‌ವಿ ಅಳೆಯುವುದು: ನಾನು ಅನುಸರಿಸುವ ಕ್ರಮ

ಮಾನಸಿಕ ಒತ್ತಡ ಕೊಟ್ಟು ಎಚ್‌ಆರ್‌ವಿ, ಅಂದರೆ ಹೃದಯ ಬಡಿತಗಳ ನಡುವಿನ ಅಂತರದ ಏರಿಳಿತ, ಅಳೆಯುವವರು ಮೊದಲು ಉಸಿರನ್ನು ನೋಡಬೇಕು. 1,022ರಿಂದ 13 ಕಳೆಯುತ್ತಾ ಜೋರಾಗಿ ಹೇಳಿ ಅಂದರೆ, ಮಾತಿಗೆ ತಕ್ಕಂತೆ ಉಸಿರಿನ ಲಯ ಕೆಡುತ್ತದೆ. ಲಯ ಕೆಟ್ಟರೆ ಒತ್ತಡ ಇಲ್ಲದಿದ್ದರೂ ಬಡಿತಗಳ ನಡುವಿನ ಅಂತರ ಬದಲಾಗುತ್ತದೆ. ಹಾಗಾಗಿ ನಾನು ಉತ್ತರವನ್ನು ಬಾಯಲ್ಲಿ ಹೇಳಿಸುವುದಿಲ್ಲ. ಪರದೆಯ ಮೇಲೆ ಲೆಕ್ಕ, ಮೂರು ಉತ್ತರ, ಐದು ಸೆಕೆಂಡ್ ಗಡುವು, ತಪ್ಪಿದರೆ ಬೀಪ್. ಬೆರಳಿನಿಂದ ಗುಂಡಿ ಒತ್ತಿದರೆ ಆಯಿತು. ಮಾತಾಡಿಸಲೇಬೇಕಿದ್ದರೆ, ಗಡುವಿಲ್ಲದೆ ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುವ ಐದು ನಿಮಿಷವನ್ನೂ ದಾಖಲಿಸುತ್ತೇನೆ. ಮಾತಿನ ಪಾಲು ಎಷ್ಟು, ಲೆಕ್ಕದ ಪಾಲು ಎಷ್ಟು ಎಂಬುದು ಆಗ ತಿಳಿಯುತ್ತದೆ. ಎದೆಗೆ ಉಸಿರು ಅಳೆಯುವ ಪಟ್ಟಿ ಎರಡರಲ್ಲೂ ಇರಲೇಬೇಕು.

ಬೆಂಗಳೂರಿನಲ್ಲಿ ನಿಜವಾದ ಕಷ್ಟ ವಿಶ್ರಾಂತಿಯ ದಾಖಲೆಯದು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಮೆಟ್ಟಿಲು ಹತ್ತಿ ಬಂದವರನ್ನು ತಕ್ಷಣ ಅಳೆದರೆ ಎಚ್‌ಆರ್‌ವಿ ಆಗಲೇ ಇಳಿದಿರುತ್ತದೆ. ಆಮೇಲೆ ಲೆಕ್ಕ ಕೊಟ್ಟರೆ ಇನ್ನಷ್ಟು ಇಳಿಯಲು ಜಾಗವೇ ಇರುವುದಿಲ್ಲ, ಒತ್ತಡದಿಂದ ಏನೂ ಆಗಲಿಲ್ಲ ಎಂಬ ತಪ್ಪು ಉತ್ತರ ಬರುತ್ತದೆ. ಮೊಬೈಲ್ ತೆಗೆದಿಡಿಸಿ, ಶೌಚಾಲಯಕ್ಕೆ ಹೋಗಿಬರಲು ಹೇಳಿ, 20 ನಿಮಿಷ ಕೂರಿಸುತ್ತೇನೆ. ಮೂತ್ರ ಕಟ್ಟಿಕೊಂಡು ಕೂತರೂ ಬಡಿತ ಏರುತ್ತದೆ. ಹಿಂದಿನ ದಿನದಿಂದ ಮದ್ಯ, ಭಾರೀ ವ್ಯಾಯಾಮ ಬೇಡ. ಆ ಬೆಳಿಗ್ಗೆ ಕಾಫಿ, ಟೀ, ಸಿಗರೇಟ್ ಬೇಡ. ದಿನಾ ಫಿಲ್ಟರ್ ಕಾಫಿ ಕುಡಿಯುವವರಿಗೆ ಹೊತ್ತಾದಂತೆ ತಲೆನೋವು ಶುರುವಾಗುತ್ತದೆ, ಅದೂ ಒಂದು ಒತ್ತಡವೇ. ಅದಕ್ಕೇ ಎಲ್ಲರನ್ನೂ ಬೆಳಿಗ್ಗೆ 8ಕ್ಕೇ ಕರೆಸುವುದು.

ದಾಖಲೆ ಇಸಿಜಿಯಲ್ಲೇ ಆಗಲಿ, ಸೆಕೆಂಡಿಗೆ 1000 ಮಾದರಿ. ಬೆರಳಿನ ಸೆನ್ಸರ್ ನಾಡಿಯನ್ನು ಅಳೆಯುತ್ತದೆ. ಒತ್ತಡದಲ್ಲಿ ಬೆರಳಿನ ರಕ್ತನಾಳ ಕುಗ್ಗುವುದರಿಂದ ನಮಗೆ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಎಲೆಕ್ಟ್ರೋಡ್‌ಗಳನ್ನು ಕೈಗೆ ಹಚ್ಚದೆ ಕಾಲರ್ ಮೂಳೆಯ ಕೆಳಗೆ ಮತ್ತು ಕೆಳಪಕ್ಕೆಲುಬಿನ ಮೇಲೆ ಹಚ್ಚಿ, ಗುಂಡಿ ಒತ್ತುವ ಸ್ನಾಯುವಿನ ಗದ್ದಲ ಕಡಿಮೆಯಾಗುತ್ತದೆ. ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಇಸಿಜಿಯಲ್ಲಿ ಸೇರುವ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಹೆಚ್ಚಾಗಿ ಅಲ್ಲಿಂದಲೇ. ವಿಶ್ರಾಂತಿ, ಲೆಕ್ಕ, ಚೇತರಿಕೆ ತಲಾ ಐದು ನಿಮಿಷ, ಕೂತ ಭಂಗಿ ಬದಲಾಗಬಾರದು.

ಇನ್ನು ಶುದ್ಧೀಕರಣ, ಅಂದರೆ ದಾಖಲೆಯಲ್ಲಿ ತಪ್ಪಾಗಿ ಗುರುತಾದ ಬಡಿತಗಳನ್ನು ಸರಿಪಡಿಸುವುದು. ಇದನ್ನು ತಂತ್ರಾಂಶದ ಮೇಲೆ ಬಿಟ್ಟು ಎದ್ದುಹೋಗಬೇಡಿ. ಐದು ಅಂತರಗಳನ್ನು ನೋಡಿ: 812, 846, 798, 835, 801 ಮಿಲಿಸೆಕೆಂಡ್. ಒಂದಕ್ಕೊಂದರ ವ್ಯತ್ಯಾಸ 34, 48, 37, 34. ಅವುಗಳ ವರ್ಗಗಳ ಸರಾಸರಿ 1496, ವರ್ಗಮೂಲ 38.7. ಇದೇ ಆರ್‌ಎಂಎಸ್‌ಎಸ್‌ಡಿ, ಎಚ್‌ಆರ್‌ವಿಯ ಒಂದು ಅಳತೆ. ಈಗ ತಂತ್ರಾಂಶ ನಡುವಿನ ಒಂದು ಬಡಿತವನ್ನು ಬಿಟ್ಟಿತು ಅಂದುಕೊಳ್ಳಿ: 846, 798 ಸೇರಿ 1644 ಆಗುತ್ತದೆ, ಉತ್ತರ 670ಕ್ಕೆ ಹಾರುತ್ತದೆ. ಇದೇ ಬಗೆಯ ಏರಿಳಿತದ 375 ಬಡಿತಗಳಿರುವ ಐದು ನಿಮಿಷದ ದಾಖಲೆಯಲ್ಲಿ ಒಂದೇ ಒಂದು ಬಡಿತ ತಪ್ಪಿದರೂ 39 ಇದ್ದದ್ದು ಸುಮಾರು 71. ಒತ್ತಡ ಇಳಿಸಿದ್ದನ್ನು ಒಂದು ತಪ್ಪು ಪೂರ್ತಿ ಮುಚ್ಚಿಹಾಕುತ್ತದೆ. ಆದ್ದರಿಂದ ಪ್ರತಿ ದಾಖಲೆಯ ಗ್ರಾಫ್ ಕಣ್ಣಾರೆ ನೋಡುತ್ತೇನೆ.

ಸಾಮಾನ್ಯವಾಗಿ ಲೆಕ್ಕ ಶುರುವಾದ ಕೆಲವೇ ಬಡಿತಗಳಲ್ಲಿ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲಗೊಂಡು ಬಡಿತ ಏರುತ್ತದೆ, ಆರ್‌ಎಂಎಸ್‌ಎಸ್‌ಡಿ ಇಳಿಯುತ್ತದೆ. ಅಂತರಗಳೇ ಕಿರಿದಾದಾಗ ಏರಿಳಿತಕ್ಕೂ ಜಾಗ ಕಿರಿದು, ಹಾಗಾಗಿ ಸರಾಸರಿ ಬಡಿತವನ್ನು ಪಕ್ಕದಲ್ಲೇ ಬರೆಯಿರಿ. ಎಲ್‌ಎಫ್ (ಅಂತರಗಳ ನಿಧಾನ ಏರಿಳಿತ) ಮತ್ತು ಎಚ್‌ಎಫ್ (ವೇಗದ ಏರಿಳಿತ) ಅನುಪಾತವನ್ನು ನಾನು ಒತ್ತಡದ ಅಳತೆಗೋಲಾಗಿ ಬಳಸುವುದಿಲ್ಲ. ಎಲ್‌ಎಫ್‌ನಲ್ಲಿ ವೇಗಸ್‌ನ ಪಾಲೂ ಇದೆ. ಉಸಿರು ನಿಮಿಷಕ್ಕೆ 9ಕ್ಕಿಂತ ನಿಧಾನವಾದರೆ ಉಸಿರಿನ ಏರಿಳಿತ ಪೂರ್ತಿಯಾಗಿ ಎಲ್‌ಎಫ್‌ಗೇ ಜಾರುತ್ತದೆ. ಒಬ್ಬರನ್ನು ಇನ್ನೊಬ್ಬರ ಜೊತೆಗೂ ಹೋಲಿಸಬೇಡಿ. ಅವರ ವಿಶ್ರಾಂತಿ, ಅವರದೇ ಲೆಕ್ಕ, ಅಷ್ಟೇ.

ಲೆಕ್ಕವನ್ನು ಬೇಕೆಂದೇ ಅಷ್ಟು ಬೇಗ ಕೊಟ್ಟಿದ್ದು, ತಪ್ಪಾದದ್ದು ನಿಮ್ಮ ಕೊರತೆಯಲ್ಲ ಎಂದು ಬಂದವರಿಗೆ ಹೇಳಲೇಬೇಕು. ಆದರೆ ಚೇತರಿಕೆಯ ಐದು ನಿಮಿಷ ಮುಗಿದ ಮೇಲೆ. ನಡುವೆ ಹೇಳಿದರೆ ಅವರು ನಿರಾಳವಾಗಿ ನಗುತ್ತಾರೆ, ಆ ನಗು ಇಸಿಜಿಯಲ್ಲಿ ಕಾಣಿಸುತ್ತದೆ.