ಯೆಜ್ಡಿಗೆ ಹೊಸ ಸೈಲೆನ್ಸರ್: ಬಿಗಿಯುವ ಮುನ್ನ ಕೂರಿಸಿ ನೋಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ಇನ್ನೂ ನಿಂತಿಲ್ಲ. ಎಂಜಿನ್ ಗಟ್ಟಿ, ಚಾಸಿ ಗಟ್ಟಿ. ಮೊದಲು ಕೈಕೊಡುವುದು ಸೈಲೆನ್ಸರ್. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೆ ಆಯಿಲ್ ಕೂಡ ಉರಿಯುತ್ತದೆ. ಉರಿಯದೆ ಉಳಿದ ಜಿಡ್ಡು ಮಸಿಯಾಗಿ ಒಳಗೆ ಅಂಟಿಕೊಳ್ಳುತ್ತದೆ. ಗಾಡಿಯನ್ನು ಬರೀ ಹಾಲು ತರಲು, ಪೇಪರು ತರಲು ಎಂದು ಹತ್ತಿರದ ಓಡಾಟಕ್ಕಷ್ಟೇ ಬಳಸಿದರೆ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ; ಹೊಗೆಯಲ್ಲಿನ ತೇವ ಒಳಗೇ ನೀರಾಗಿ ಇಳಿದು ತಳ ಹಿಡಿಯುತ್ತದೆ. ಹೊರಗಿನ ಕ್ರೋಮ್ ಫಳಫಳ ಎನ್ನುತ್ತಿರುವಾಗಲೇ ಕೆಳಭಾಗದಲ್ಲಿ ತೂತು ಬಿದ್ದಿರುವುದು ಹೀಗೆ.

ಹಾಗೆಂದು ಸದ್ದು ಬದಲಾದ ಕೂಡಲೇ ಹೊಸದಕ್ಕೆ ಓಡಬೇಕಾಗಿಲ್ಲ. ಬಾಲದ ತುದಿಯಲ್ಲಿರುವ ನಟ್ ಬಿಚ್ಚಿದರೆ ಒಳಗಿನ ಬ್ಯಾಫಲ್, ಅಂದರೆ ಸದ್ದಡಗಿಸುವ ತೂತುಗಳ ಕೊಳವೆ, ಹೊರಬರುತ್ತದೆ. ಅದರ ತೂತುಗಳೆಲ್ಲ ಮಸಿಯಿಂದ ಮುಚ್ಚಿಹೋಗಿದ್ದರೆ ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ತಂತಿ ಬ್ರಷ್‌ನಿಂದ ಉಜ್ಜಿ. ಅರ್ಧ ಗಾಡಿಗಳಿಗೆ ಬೇಕಾಗಿರುವುದು ಇಷ್ಟೇ. ಹೊರಕವಚವನ್ನು ಬೆರಳಿನಿಂದ ಒತ್ತಿದಾಗ ತಗ್ಗಾದರೆ, ಬ್ರಾಕೆಟ್ಟಿನ ಬೆಸುಗೆಯ ಸುತ್ತ ತಗಡು ಕಳಚಿಕೊಂಡಿದ್ದರೆ ಆಗ ಹೊಸದು ಕೊಳ್ಳಿ.

ಎರಡು ಕೊಳವೆ, ಒಂದೇ ಎಂಜಿನ್

250 ಸಿಸಿ ಜಾವಾ, ಯೆಜ್ಡಿಗಳಲ್ಲಿ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೊತ್ತಿಲ್ಲದವರು ಇದನ್ನು ಎರಡು ಸಿಲಿಂಡರಿನ ಗಾಡಿ ಎಂದುಕೊಳ್ಳುವುದುಂಟು. ಹೊಗೆ ಹೊರಹೋಗುವ ಪೋರ್ಟುಗಳು ಎರಡಿರುವುದರಿಂದ ಒಂದೊಂದಕ್ಕೆ ಒಂದೊಂದು ಬೆಂಡ್ ಪೈಪ್, ಅಂದರೆ ಸಿಲಿಂಡರಿನಿಂದ ಸೈಲೆನ್ಸರಿಗೆ ಬರುವ ಬಾಗಿದ ಕೊಳವೆ. ಆದ್ದರಿಂದ ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಮಸಿ ತುಂಬಿದ ಹಳೆಯದು ಎಂಬ ಉಳಿತಾಯ ಬೇಡ. ಹೊಗೆ ಸಲೀಸಾದ ದಾರಿಯನ್ನೇ ಹಿಡಿಯುತ್ತದೆ, ಹಳೆಯದು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಕೊಳ್ಳುವುದಾದರೆ ಜೋಡಿಯಾಗಿಯೇ ಕೊಳ್ಳಿ.

‘ಬ್ಯಾಫಲ್ ತೆಗೆದು ಓಡಿಸಿ, ಪಿಕಪ್ ಬರುತ್ತದೆ’ ಎನ್ನುವ ಸಲಹೆ ಪ್ರತಿ ಗ್ಯಾರೇಜಿನಲ್ಲೂ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಟೂ ಸ್ಟ್ರೋಕ್‌ನಲ್ಲಿ ವಾಲ್ವುಗಳಿಲ್ಲ. ಹೊಸ ಮಿಶ್ರಣ ಒಳಬರುವಾಗ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ, ಒಂದಿಷ್ಟು ಪೆಟ್ರೋಲ್ ಉರಿಯದೆ ಹೊರಗೆ ಜಾರುತ್ತದೆ. ಕೊಳವೆಯೊಳಗೆ ಹೋದ ಒತ್ತಡದ ಅಲೆ ಮುಂದೆ ಕಿರಿದಾಗುವ ಜಾಗಕ್ಕೆ ಬಡಿದು ಹಿಂದಿರುಗಿ, ಜಾರಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಈ ಗುಟ್ಟನ್ನು 1950ರ ದಶಕದಲ್ಲಿ ರೇಸಿನ ಮಟ್ಟಿಗೆ ಪಳಗಿಸಿದವರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿಗೆ ಸೇರಿದಾಗ ಆ ಜ್ಞಾನವೂ ಜಪಾನಿಗೆ ಹೋಯಿತು. ಒಂದು ಕೊಳವೆಯ ಆಕಾರಕ್ಕೆ ಅಷ್ಟು ಬೆಲೆಯಿತ್ತು. ನಮ್ಮ ಯೆಜ್ಡಿಯ ಸೈಲೆನ್ಸರ್ ರೇಸಿನದಲ್ಲ, ನಿಜ. ಆದರೂ ಅದರ ಉದ್ದ, ಹೊಟ್ಟೆಯ ಗಾತ್ರ, ಬ್ಯಾಫಲ್‌ನ ತೂತು ಎಲ್ಲವೂ ಎಂಜಿನ್ನಿನ ಲೆಕ್ಕದೊಳಗೆ ಸೇರಿವೆ. ಅದನ್ನು ಬರೀ ಸದ್ದಡಗಿಸುವ ಡಬ್ಬ ಎಂದುಕೊಂಡವರೇ ಪಿಸ್ಟನ್ ಸುಟ್ಟುಕೊಳ್ಳುವುದು.

ಅಂಗಡಿಯಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಹಳೆಯ ಬಿಡಿಭಾಗದ ಅಂಗಡಿಯಾಗಲಿ, ಹಳೆಯ ಸೈಲೆನ್ಸರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ‘ಎಲ್ಲ ಮಾಡೆಲಿಗೂ ಇದೇ ಕೂರುತ್ತದೆ’ ಎಂಬ ಮಾತನ್ನು ನಂಬಬೇಡಿ. ಹಳೆಯ ಜಾವಾ, ರೋಡ್‌ಕಿಂಗ್, ಕ್ಲಾಸಿಕ್ ಎಂದು ಮಾಡೆಲ್ ಬದಲಾದಂತೆ ಅಳತೆಯೂ ಬ್ರಾಕೆಟ್ಟೂ ಬದಲಾಗಬಹುದು. ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ. ಒಟ್ಟು ಉದ್ದ, ಬೆಂಡ್ ಪೈಪ್ ತೂರುವ ಬಾಯಿಯ ಒಳ ಅಳತೆ, ಬಾಯಿಯಿಂದ ಬ್ರಾಕೆಟ್ ತೂತಿಗಿರುವ ದೂರ, ಈ ಮೂರನ್ನು ಟೇಪು ಹಿಡಿದು ನೋಡಿ. ಎಡ ಬಲಗಳಿಗೆ ಬ್ರಾಕೆಟ್ ಎದುರು ಬದುರು ಇರಬೇಕು. ಒಂದೇ ಬದಿಯ ಎರಡನ್ನು ಜೋಡಿ ಎಂದು ಕಟ್ಟಿಕೊಟ್ಟರೆ ಮನೆಗೆ ಬಂದ ಮೇಲೆ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಕೈಯಲ್ಲಿ ತೂಗಿ ನೋಡಿದರೆ ತಗಡಿನ ದಪ್ಪ ಗೊತ್ತಾಗುತ್ತದೆ. ತೀರಾ ಹಗುರವಾದ ಲೋಕಲ್ ಮಾಲು ಎರಡು ಮಳೆಗಾಲ ಕಂಡರೆ ಹೆಚ್ಚು. ಬ್ಯಾಫಲ್ ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಬಾರದಂತೆ ಬೆಸುಗೆ ಹಾಕಿದ್ದರೆ ಮುಂದೆ ಮಸಿ ತೆಗೆಯುವುದು ಹೇಗೆ? ಒಳಗೆ ಬ್ಯಾಫಲ್ಲೇ ಇಲ್ಲದ, ಬರೀ ಕೊಳವೆಯಂಥ ಮಾಲೂ ಮಾರಾಟಕ್ಕಿರುತ್ತದೆ. ಕ್ರೋಮ್ ಎಷ್ಟೇ ಚೆನ್ನಾಗಿರಲಿ, ಅದನ್ನು ಹಿಂದಕ್ಕೆ ಕೊಡಿ. ಸಿಲಿಂಡರಿನ ಬಾಯಿಗೆ ಕೂರುವ ಪ್ಯಾಕಿಂಗ್ ರಿಂಗ್ ಎರಡು, ಹೊಸ ಕ್ಲಾಂಪ್ ಎರಡು, ಹಿಂದಿನ ಬ್ರಾಕೆಟ್ಟಿಗೆ ರಬ್ಬರ್ ಬುಷ್, ಇವನ್ನು ಮರೆಯದೆ ತನ್ನಿ. ಹಳೆಯ ಪ್ಯಾಕಿಂಗನ್ನೇ ಮತ್ತೆ ಹಾಕಿದರೆ ಕಪ್ಪು ಎಣ್ಣೆ ಸೋರುವುದು ಖಚಿತ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳ ಮೇಲೂ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಮೊದಲು ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಸೇರುವಲ್ಲಿನ ಕ್ಲಾಂಪ್ ಸಡಿಲಿಸಿ, ಆಮೇಲೆ ಹಿಂದಿನ ಬ್ರಾಕೆಟ್ಟಿನ ಬೋಲ್ಟ್ ತೆಗೆಯಿರಿ. ಸೈಲೆನ್ಸರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚುತ್ತ ಹಿಂದಕ್ಕೆ ಎಳೆದರೆ ಬರುತ್ತದೆ. ಹಟ ಹಿಡಿದರೆ ಮರದ ತುಂಡನ್ನು ಅಡ್ಡ ಇಟ್ಟು ಮೆಲ್ಲಗೆ ತಟ್ಟಿ.

ಪ್ರಾಣ ತಿನ್ನುವುದು ಸಿಲಿಂಡರಿನ ಬಾಯಲ್ಲಿ ಬೆಂಡ್ ಪೈಪನ್ನು ಹಿಡಿದಿಟ್ಟಿರುವ ದೊಡ್ಡ ದುಂಡನೆಯ ನಟ್. ಇದಕ್ಕೆ ಸಾಮಾನ್ಯ ಸ್ಪ್ಯಾನರ್ ಹಿಡಿಯುವುದಿಲ್ಲ, ಕೊಕ್ಕೆಯಾಕಾರದ ಸ್ಪ್ಯಾನರ್ ಬೇಕು. ಅದಿಲ್ಲವೆಂದು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವ ಅಭ್ಯಾಸ ಬಹಳ ಕಡೆ ಇದೆ. ರಸ್ತೆಯಲ್ಲಿ ಹೋಗುವ ಯಾವುದೇ ಹಳೆಯ ಯೆಜ್ಡಿಯ ಆ ನಟ್ಟನ್ನು ಹತ್ತಿರದಿಂದ ನೋಡಿ: ಅಂಚೆಲ್ಲ ಇಲಿ ಕಡಿದಂತೆ ಕಿತ್ತಿರುತ್ತದೆ. ನಟ್ ಹೋದರೆ ಇನ್ನೊಂದು ಸಿಗಬಹುದು. ಸಿಲಿಂಡರಿನ ಮೇಲಿನ ಥ್ರೆಡ್ ಹೋದರೆ ಲೇತ್ ಅಂಗಡಿಯ ದಾರಿ ಹಿಡಿಯಬೇಕು. ಸ್ಪ್ಯಾನರಿಗೆ ಬಗ್ಗದಿದ್ದರೆ ಎಂಜಿನ್ನನ್ನು ಐದು ನಿಮಿಷ ಓಡಿಸಿ, ನಟ್ ಬಿಸಿಯಾದ ಮೇಲೆ ದಪ್ಪ ಕೈಗವಸು ಹಾಕಿ ಮತ್ತೆ ಪ್ರಯತ್ನಿಸಿ. ಸೈಲೆನ್ಸರ್ ತೆಗೆದ ಮೇಲೆ ಹೀಗೆ ಓಡಿಸಿದರೆ ಬೀದಿಯವರೆಲ್ಲ ಎದ್ದು ಬರುತ್ತಾರೆ; ಬಿಸಿ ಮಾಡುವ ಕೆಲಸವಿದ್ದರೆ ಅದು ಕಳಚುವ ಮೊದಲೇ ಆಗಲಿ.

ಪೋರ್ಟ್ ಕಾಣಿಸುತ್ತಿರುವಾಗಲೇ ಅದರ ಮಸಿಯನ್ನೂ ತೆಗೆದುಬಿಡಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತುತ್ತ ಟಾರ್ಚ್ ಹಿಡಿದು ಒಳಗೆ ನೋಡಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಗೋಡೆ ಪೋರ್ಟನ್ನು ಮುಚ್ಚುತ್ತದೆ. ಅಲ್ಲಿಗೆ ನಿಲ್ಲಿಸಿ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಕಬ್ಬಿಣದ ಚೂಪು ಬೇಡ, ಪಿಸ್ಟನ್ನಿಗೆ ಗೀರು ಬೀಳುತ್ತದೆ. ಉದುರಿದ ಪುಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ಊದಬೇಡಿ.

ಮೊದಲು ಸಡಿಲವಾಗಿ ಎಲ್ಲವೂ

ಹೊಸ ಪ್ಯಾಕಿಂಗ್ ರಿಂಗನ್ನು ಪೋರ್ಟಿನ ಬಾಯಲ್ಲಿ ಕೂರಿಸಿ, ಬೆಂಡ್ ಪೈಪ್ ಇಟ್ಟು, ದೊಡ್ಡ ನಟ್ಟನ್ನು ಬೆರಳುಗಳಿಂದಲೇ ತಿರುಗಿಸಿ. ಥ್ರೆಡ್ಡಿಗೆ ಶಾಖ ತಡೆಯುವ ತಾಮ್ರದ ಗ್ರೀಸ್ ಸವರಿದ್ದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ಮೊದಲ ಎರಡು ಸುತ್ತು ಸಲೀಸಾಗಿ ಹೋಗಬೇಕು. ಬಿಗಿ ಎನಿಸಿದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಶುರು ಮಾಡಿ. ನಂತರ ಸೈಲೆನ್ಸರನ್ನು ಬೆಂಡ್ ಪೈಪಿಗೆ ತೂರಿಸಿ, ಹಿಂದಿನ ಬೋಲ್ಟನ್ನು ರಬ್ಬರ್ ಬುಷ್ ಸಮೇತ ಕೈಯಲ್ಲೇ ಹಾಕಿ. ಇನ್ನೊಂದು ಬದಿಯನ್ನೂ ಹೀಗೆಯೇ ಕೂರಿಸಿ. ಸ್ಪ್ಯಾನರ್ ಇನ್ನೂ ಪೆಟ್ಟಿಗೆಯಲ್ಲೇ ಇರಲಿ.

ಈಗ ನಾಲ್ಕು ಹೆಜ್ಜೆ ಹಿಂದೆ ಸರಿದು ಗಾಡಿಯ ಬೆನ್ನ ಕಡೆಯಿಂದ ನೋಡಿ. ಎರಡೂ ಬಾಲಗಳು ಒಂದೇ ಎತ್ತರದಲ್ಲಿವೆಯೇ? ಎಡಗಡೆ ಗೇರ್ ಮತ್ತು ಕಿಕ್ ಎರಡಕ್ಕೂ ಒಂದೇ ಲಿವರ್. ಅದನ್ನು ಕೆಳಗಿನವರೆಗೂ ತುಳಿದು ನೋಡಿ, ಸೈಲೆನ್ಸರಿಗೆ ತಾಗಬಾರದು. ಬಲಗಡೆ ಬ್ರೇಕ್ ಪೆಡಲ್ ಒತ್ತಿ. ಸೆಂಟರ್ ಸ್ಟ್ಯಾಂಡನ್ನು ಮೇಲೆತ್ತಿ, ಇಳಿಸಿ. ಹಿಂದೆ ಒಬ್ಬರನ್ನು ಕೂರಿಸಿ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಹಿಂಚಕ್ರದ ಆಕ್ಸಲ್ ನಟ್ಟಿಗೂ ಸೈಲೆನ್ಸರಿಗೂ ಅಂತರ ಉಳಿಯುತ್ತದೆಯೇ ಎಂದು ಬಗ್ಗಿ ನೋಡಿ. ಎಲ್ಲೇ ಆಗಲಿ ಒಂದು ಬೆರಳು ತೂರುವಷ್ಟು ಜಾಗವಿದ್ದರೆ ಒಳ್ಳೆಯದು.

ಬ್ರಾಕೆಟ್ಟಿನ ತೂತು ಕಾಲು ಇಂಚು ಆಚೀಚೆ ಇರುವುದು ಬದಲಿ ಮಾಲಿನಲ್ಲಿ ಮಾಮೂಲು. ಇಲ್ಲಿಯೇ ಕೆಲಸ ಕೆಡುವುದು. ಉದ್ದ ಬೋಲ್ಟ್ ಹಾಕಿ ಎಳೆದು ಬಿಗಿದರೆ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಆದರೆ ಆ ಎಳೆತವೆಲ್ಲ ಒಂದು ತುದಿಯಲ್ಲಿ ಸಿಲಿಂಡರಿನ ಬಾಯಿಗೂ ಇನ್ನೊಂದು ತುದಿಯಲ್ಲಿ ಬ್ರಾಕೆಟ್ಟಿನ ಬೆಸುಗೆಗೂ ಬೀಳುತ್ತದೆ. ಮೇಲಿಂದ ಎಂಜಿನ್ನಿನ ನಡುಕ ಬೇರೆ. ಕೆಲವೇ ದಿನಗಳಲ್ಲಿ ಬೆಸುಗೆ ಸೀಳುತ್ತದೆ, ಇಲ್ಲವೇ ದೊಡ್ಡ ನಟ್ ಪದೇ ಪದೇ ಸಡಿಲವಾಗುತ್ತದೆ. ಬೋಲ್ಟನ್ನು ಕೈಯಲ್ಲಿ ಸಲೀಸಾಗಿ ತೂರಿಸಲು ಬರಬೇಕು, ಬೋಲ್ಟ್ ತೆಗೆದಾಗ ಸೈಲೆನ್ಸರ್ ಪಕ್ಕಕ್ಕೆ ಚಿಮ್ಮಬಾರದು: ಪರೀಕ್ಷೆ ಇಷ್ಟೇ. ಅಂತರ ಒಳಹೊರಗಿನದಾದರೆ ವಾಷರ್ ತುಂಬಿಸಿ. ಮೇಲು ಕೆಳಗಿನದಾದರೆ ಅರದಿಂದ ತೂತನ್ನು ಉದ್ದವಾಗಿಸಿ. ಎರಡೂ ಸಾಲದಿದ್ದರೆ ಹಳೆಯ ಸೈಲೆನ್ಸರಿನ ಬ್ರಾಕೆಟ್ಟನ್ನು ಮಾದರಿಯಾಗಿಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ಪಟ್ಟಿಯ ಹೊಸದೊಂದನ್ನು ಮಾಡಿಸಿ. ಸೈಲೆನ್ಸರ್ ಗಾಡಿಯ ಮೇಲಿರುವಾಗ ವೆಲ್ಡಿಂಗ್ ಮಾಡಿಸಲೇಬೇಡಿ. ಪೆಟ್ರೋಲ್ ಟ್ಯಾಂಕ್ ಒಂದು ಮೊಳ ದೂರದಲ್ಲಿದೆ.

ಬಿಗಿಯುವುದು ಮುಂದಿನಿಂದ ಹಿಂದಕ್ಕೆ. ಮೊದಲು ಸಿಲಿಂಡರಿನ ನಟ್, ಆಮೇಲೆ ಕ್ಲಾಂಪ್, ಕಡೆಗೆ ಹಿಂದಿನ ಬೋಲ್ಟ್. ರಬ್ಬರ್ ಬುಷ್ ಅಪ್ಪಚ್ಚಿಯಾಗುವಷ್ಟು ಬಿಗಿದರೆ ಅದು ಇದ್ದೂ ಇಲ್ಲದಂತೆ.

ಮೊದಲ ಕಿಕ್

ಸ್ಟಾರ್ಟ್ ಮಾಡುವ ಮುನ್ನ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಕ್ರೋಮ್ ಪೂರ್ತಿ ಒರೆಸಿ. ಕೈಯ ಜಿಡ್ಡಿನ ಗುರುತು ಬಿಸಿಗೆ ಸುಟ್ಟುಕೊಂಡರೆ ಸುಲಭವಾಗಿ ಹೋಗುವುದಿಲ್ಲ. ಬಯಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ. ಒಳಗಿನ ಎಣ್ಣೆ ಉರಿದು ಹೊಗೆ ಜೋರಾಗಿಯೇ ಬರುತ್ತದೆ, ಗಾಬರಿ ಬೇಡ. ಪೂರ್ತಿ ತಣ್ಣಗಾದ ಮೇಲೆ ದೊಡ್ಡ ನಟ್ಟನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಪ್ಯಾಕಿಂಗ್ ಬಿಸಿಗೆ ಕುಗ್ಗಿರುವುದರಿಂದ ಕಾಲು ಸುತ್ತಾದರೂ ತಿರುಗುತ್ತದೆ. ಮೊದಲ ವಾರದ ಓಡಾಟದ ಬಳಿಕ ಇನ್ನೊಮ್ಮೆ ನೋಡಿ. ನಟ್ಟಿನ ಸುತ್ತ ಕಪ್ಪು ಜಿಡ್ಡು ಕಂಡರೆ ಅಲ್ಲಿ ಸೋರುತ್ತಿದೆ. ಕ್ಲಾಂಪಿನ ಬಳಿ ಸೋರಿದರೆ ಸೈಲೆನ್ಸರ್ ಪೇಸ್ಟ್ ಸವರಿ ಮತ್ತೆ ಕೂರಿಸಿ.

ಸೈಲೆನ್ಸರ್ ಹಳೆಯದಕ್ಕಿಂತ ಸಲೀಸಾಗಿ ಉಸಿರಾಡುವಂಥದ್ದಾದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕಡೆಗೂ ಗಮನ ಬೇಕು. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ, ಪೆಟ್ರೋಲಿನ ಜೊತೆಗೇ ಬರುವ ಆಯಿಲ್ ಕೂಡ ಕಡಿಮೆಯಾಗುತ್ತದೆ. ಬಿಸಿ ಏರುತ್ತದೆ, ಜಿಡ್ಡು ಇಳಿಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇದನ್ನು ಮೊದಲೇ ತಿಳಿಸುವುದು ಪ್ಲಗ್. ಖಾಲಿ ರಸ್ತೆಯಲ್ಲಿ ಒಂದಿಷ್ಟು ದೂರ ಒಳ್ಳೆಯ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಒದ್ದೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಅಪಾಯವೇನಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಗಾಡಿಯನ್ನು ಮೆಲ್ಲಗೆ ಮನೆಗೆ ತಂದು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿಸುವವರೆಗೆ ಓಡಿಸಬೇಡಿ.

ಕಾನೂನಿನ ಮಾತೂ ಇದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನವನ್ನು ರಸ್ತೆಗಿಳಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಪೊಲೀಸರು ರೋಡ್ ರೋಲರ್ ಹತ್ತಿಸಿ ಚಪ್ಪಟೆ ಮಾಡುವ ಸೈಲೆನ್ಸರುಗಳ ಸಾಲಿಗೆ ನಿಮ್ಮದೂ ಸೇರುವುದು ಬೇಡ; ಬ್ಯಾಫಲ್ ಒಳಗೇ ಇರಲಿ. ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯಲು ಅವಕಾಶವಿದೆ. ಅದಕ್ಕೆ ಗಾಡಿ ಮೂಲ ರೂಪದಲ್ಲಿರಬೇಕು. ಆದ್ದರಿಂದ ಕಾರ್ಖಾನೆಯಿಂದ ಬಂದ ಹಳೆಯ ಜೋಡಿ ತೂತು ಬಿದ್ದಿದ್ದರೂ ಗುಜರಿಗೆ ಹಾಕಬೇಡಿ. ಮಸಿ ತೆಗೆದು, ಒಳಗೆ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ತೇಪೆ ಹಾಕಿ ಹೊಸದಾಗಿ ಕ್ರೋಮ್ ಹಿಡಿಸಿಕೊಡುವವರು ಇನ್ನೂ ಇದ್ದಾರೆ.